ಮುಟ್ಟದೆಯೇ ಕಂಡಿತು ಉಕ್ಕಿನ ದಣಿವು!

ಹರಿಹರದ ರೈಲು ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಗೂಡ್ಸ್ ರೈಲೊಂದು ನಿಲ್ಲದೆ ಧಡಧಡನೆ ಹಾದುಹೋಗುತ್ತಿದೆ. 58 ವ್ಯಾಗನ್‌ಗಳ ಉದ್ದನೆಯ ಸಾಲು, ಒಂದೊಂದಕ್ಕೂ ನಾಲ್ಕು ಆಕ್ಸಲ್. ನಿಮ್ಮ ಕಣ್ಣೆದುರಿಗಿರುವ ಹಳಿಯ ಆ ಒಂದೇ ಒಂದು ಜಾಗದ ಮೇಲೆ ಕೆಲವೇ ನಿಮಿಷಗಳಲ್ಲಿ 232 ಸಲ ಚಕ್ರ ಉರುಳುತ್ತದೆ. ವ್ಯಾಗನ್ ಪೂರ್ತಿ ತುಂಬಿದ್ದರೆ ಪ್ರತಿ ಚಕ್ರವೂ ಹತ್ತು ಟನ್ನಿನ ಆಸುಪಾಸಿನ ಭಾರ ಹೇರುತ್ತದೆ. ಅಷ್ಟೂ ಸಲ ಆ ಉಕ್ಕು ಬಾಗುತ್ತದೆ, ಚಕ್ರ ದಾಟಿದೊಡನೆ ನೆಟ್ಟಗಾಗುತ್ತದೆ, ಮತ್ತೆ ಬಾಗುತ್ತದೆ!

ಇನ್ನು ಆ ಆಕ್ಸಲ್ಲಿನ ಪಾಡು ನೋಡಿ. ವ್ಯಾಗನ್ನಿನ ಭಾರವೆಲ್ಲ ಅದರ ಎರಡು ತುದಿಗಳ ಮೇಲೆ ಕೂತಿರುವುದರಿಂದ ನಡುಭಾಗ ಕಾಣದಷ್ಟು ಸಣ್ಣಗೆ ಮೇಲಕ್ಕೆ ಕಮಾನಾಗಿರುತ್ತದೆ. ಅದರ ಮೈಯ ಮೇಲಿನ ಒಂದು ಬಿಂದು ಮೇಲುಗಡೆ ಇದ್ದಾಗ ಹಿಗ್ಗುತ್ತದೆ, ಅರ್ಧ ಸುತ್ತು ತಿರುಗಿ ಕೆಳಕ್ಕೆ ಬಂದಾಗ ಕುಗ್ಗುತ್ತದೆ. ಒಂದು ಮೀಟರ್ ವ್ಯಾಸದ ಚಕ್ರ ದಾವಣಗೆರೆಯಿಂದ ಹರಿಹರದವರೆಗಿನ ಸುಮಾರು 14 ಕಿಲೋಮೀಟರ್ ಹಾದಿಯಲ್ಲಿ ನಾಲ್ಕೂವರೆ ಸಾವಿರದಷ್ಟು ಸುತ್ತು ಹಾಕುತ್ತದೆ. ಅಷ್ಟು ಸಲ ಹಿಗ್ಗು, ಅಷ್ಟು ಸಲ ಕುಗ್ಗು. ಆಕ್ಸಲ್ 31,400 ಕಿಲೋಮೀಟರ್ ಓಡಿದರೆ ಲೆಕ್ಕ ಒಂದು ಕೋಟಿ ಮುಟ್ಟುತ್ತದೆ!

ನಮ್ಮ ಕಣ್ಣಿಗೆ ಇದರಲ್ಲಿ ಯಾವುದೂ ಕಾಣುವುದಿಲ್ಲ. ಗಟ್ಟಿ ಉಕ್ಕು ಗಟ್ಟಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ಆ ಹಿಗ್ಗು ಕುಗ್ಗನ್ನು, ಉಕ್ಕಿಗೆ ಬೆರಳನ್ನೂ ತಾಗಿಸದೆ, ದೂರದಲ್ಲಿ ನಿಂತ ಒಂದು ಕ್ಯಾಮೆರಾ ಇಂಚಿಂಚಾಗಿ ಅಳೆದು ಬಣ್ಣದ ನಕ್ಷೆಯಾಗಿ ಬಿಡಿಸಿ ತೋರಿಸಬಲ್ಲದು. ಎಲ್ಲಿ ಬಿರುಕು ಬಿಡಲಿದೆ ಎಂಬುದನ್ನು ಬಿರುಕು ಕಣ್ಣಿಗೆ ಬೀಳುವ ಮೊದಲೇ ಸೂಚಿಸಬಲ್ಲದು. ಅದಕ್ಕೆ ಬೇಕಾದ ಸಾಮಾನು? ಬಿಳಿ ಬಣ್ಣ, ಕಪ್ಪು ಚುಕ್ಕಿ, ಕ್ಯಾಮೆರಾ ಮತ್ತು ಲೆಕ್ಕ!

ಸಾವಿರ ಸಲದ ನಂತರದ ಒಂದು ಸಲ

ಕಬ್ಬಿಣದ ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಲೇ ಇದ್ದರೆ ಪಟ್ಟನೆ ತುಂಡಾಗುತ್ತದೆ. ಬಲ ಹೆಚ್ಚಾಗಲಿಲ್ಲ, ಸಲ ಹೆಚ್ಚಾಯಿತು. ಹತ್ತೊಂಬತ್ತನೆಯ ಶತಮಾನದ ಇಂಜಿನಿಯರುಗಳನ್ನು ಬೆಚ್ಚಿಬೀಳಿಸಿದ ಸಂಗತಿ ಇದೇ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಆಕ್ಸಲ್ ಮುರಿದು, ಗಾಡಿಗಳು ಒಂದರ ಮೇಲೊಂದು ಏರಿ, ಬೆಂಕಿ ಹತ್ತಿ ಹಲವಾರು ಜನ ಸತ್ತರು. ಎಷ್ಟೋ ದಿನ ಅಷ್ಟೇ ಭಾರವನ್ನು ಹೊತ್ತು ಓಡಿದ್ದ ಆಕ್ಸಲ್ ಆ ದಿನವೇ ಏಕೆ ಮುರಿಯಿತು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್. 1850 ಮತ್ತು 60ರ ದಶಕಗಳಲ್ಲಿ ಅವರು ಆಕ್ಸಲ್ಲುಗಳನ್ನು ಭಾರ ಹೇರಿ ತಿರುಗಿಸುತ್ತಾ, ಮುರಿಯುವವರೆಗೆ ಸುತ್ತುಗಳನ್ನು ಎಣಿಸಿದರು. ಹೊರೆ ಕಡಿಮೆ ಮಾಡಿದಷ್ಟೂ ಆಯಸ್ಸು ಹೆಚ್ಚು. ಒಂದು ಮಟ್ಟದ ಕೆಳಗೆ ಹೊರೆ ಇಳಿಸಿದರೆ ಕಬ್ಬಿಣ ಮತ್ತು ಉಕ್ಕು ಲಕ್ಷಲಕ್ಷ ಸುತ್ತುಗಳನ್ನು ತಾಳಿಕೊಂಡು ನಿಲ್ಲುತ್ತವೆ. ಲೋಹದ ದಣಿವು ಎಂದು ನಾವು ಇಂದು ಕರೆಯುವ ವಿದ್ಯಮಾನಕ್ಕೆ ಲೆಕ್ಕದ ಬುನಾದಿ ಬಿದ್ದದ್ದು ಅಲ್ಲಿ.

ಬುನಾದಿ ಬಿದ್ದ ಮಾತ್ರಕ್ಕೆ ಅಪಾಯ ತಪ್ಪಲಿಲ್ಲ. ನೂರು ವರ್ಷಗಳ ನಂತರ, 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು, ಹೀಗೆ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅದೇ ಬಗೆಯ ಇಡೀ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿಟ್ಟು, ಹಾರಾಟದಲ್ಲಿ ಆಗುವಂತೆ ಒಳಒತ್ತಡವನ್ನು ಏರಿಸಿ ಇಳಿಸಿ ನೋಡಿದರು. ನಿಜವಾಗಿ ಹಾರಿದ 1,221 ಸಲ, ತೊಟ್ಟಿಯಲ್ಲಿ 1,836 ಸಲ, ಒಟ್ಟು 3,057ನೆಯ ಸಲ ಅದರ ಮೈ ಸೀಳಿತು. ಕಿಟಕಿಯ ಮೂಲೆಯ ಬಳಿ ಲೋಹ ಯಾರೂ ಎಣಿಸದಷ್ಟು ಹೊರೆ ಹೊರುತ್ತಿತ್ತು. ಅಂದು ಆ ಮೂಲೆಯ ಹಿಗ್ಗನ್ನು ಯಾರಾದರೂ ಇಡಿಯಾಗಿ ನೋಡಿದ್ದಿದ್ದರೆ!

ನೋಟ ಮೈಮೇಲೆಯೇ ಏಕೆ?

ಏಕೆಂದರೆ ದಣಿವಿನ ಬಿರುಕು ಬಹುಪಾಲು ಮೈಮೇಲೆಯೇ ಹುಟ್ಟುತ್ತದೆ. ಬಾಗುವ, ತಿರುಚುವ ಭಾಗಗಳಲ್ಲಿ ಅತಿ ಹೆಚ್ಚು ಎಳೆತ ಹೊರಮೈಯಲ್ಲಿರುತ್ತದೆ. ಉಳಿಯ ಗೀರು, ತುಕ್ಕಿನ ಗುಳಿ, ಮೊನಚು ಮೂಲೆಗಳೂ ಅಲ್ಲೇ ಇರುತ್ತವೆ.

ಇದನ್ನು ಬೆಳಕಿನಲ್ಲಿ ಮೊದಲು ಕಂಡವರ ಕಥೆ ಮೈ ನವಿರೇಳಿಸುತ್ತದೆ. 1903ರಲ್ಲಿ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ ಮತ್ತು ಹಂಫ್ರಿ ಎಂಬಿಬ್ಬರು ಸ್ವೀಡನ್ ದೇಶದ ಶುದ್ಧ ಕಬ್ಬಿಣದ ತುಂಡೊಂದರ ಮೈಯನ್ನು ಕನ್ನಡಿಯಾಗುವಂತೆ ಉಜ್ಜಿ, ಅದಕ್ಕೆ ಮತ್ತೆ ಮತ್ತೆ ಹಿಂದೆಮುಂದೆ ಹೊರೆ ಕೊಟ್ಟು, ನಡುನಡುವೆ ನಿಲ್ಲಿಸಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಮೊದಲು ಕಬ್ಬಿಣದ ಕೆಲವು ಹರಳುಗಳ ಮೇಲೆ ನವಿರಾದ ಗೆರೆಗಳು ಮೂಡಿದವು. ಹೊರೆ ಮುಂದುವರಿದಂತೆ ಗೆರೆಗಳು ಹೆಚ್ಚಿದವು, ಅಗಲವಾದವು, ಕಪ್ಪಾದವು. ಕೊನೆಗೆ ಆ ಗೆರೆಗಳಲ್ಲೇ ಬಿರುಕು ಬಾಯಿ ತೆರೆಯಿತು! ಹರಳಿನೊಳಗೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತಿದ್ದವು. ಆ ಜಾರಿಕೆ ಹಿಂದಿರುಗಿ ಬರುವಾಗ ಹೋದ ದಾರಿಯಲ್ಲೇ ಪೂರ್ತಿ ಮರಳುವುದಿಲ್ಲ. ಪ್ರತಿ ಸಲವೂ ಎಳ್ಳಷ್ಟು ಬಾಕಿ ಉಳಿಯುತ್ತದೆ. ಬಾಕಿ ಬೆಳೆದು ಬೆಳೆದು ಬಿರುಕಾಗುತ್ತದೆ.

ಹಾಗಾದರೆ ಆ ಹಿಗ್ಗು ಎಷ್ಟು? ಉಕ್ಕಿನ ಪಟ್ಟಿಯೊಂದರ ಪ್ರತಿ ಚದರ ಮಿಲಿಮೀಟರಿಗೆ ಸುಮಾರು ಹತ್ತು ಕಿಲೋ ತೂಗುಹಾಕಿದರೆ, ಒಂದು ಮೀಟರ್ ಉದ್ದದ ಪಟ್ಟಿ ಹಿಗ್ಗುವುದು ಅರ್ಧ ಮಿಲಿಮೀಟರ್ ಮಾತ್ರ. ಮೂಲ ಉದ್ದದಲ್ಲಿ ಎಷ್ಟು ಪಾಲು ಹಿಗ್ಗಿತು ಎಂಬ ಈ ಲೆಕ್ಕವನ್ನೇ ಪ್ರಯೋಗಾಲಯದವರು ಸ್ಟ್ರೇನ್ ಅನ್ನುತ್ತಾರೆ. ಇಲ್ಲಿ ಅದು ಹತ್ತು ಲಕ್ಷದಲ್ಲಿ 500 ಪಾಲು. ಪ್ರಯೋಗಾಲಯದ ತುಂಡು ಹತ್ತು ಸೆಂಟಿಮೀಟರ್ ಉದ್ದದ್ದಾದರೆ ಒಟ್ಟು ಹಿಗ್ಗು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು!

ಇಷ್ಟು ಸಣ್ಣದನ್ನು ಬೆಳಕಿನಿಂದ ಹಿಡಿದ ಆದ್ಯರಲ್ಲಿ ಮ್ಯೂನಿಕ್‌ನ ಪ್ರಾಧ್ಯಾಪಕ ಯೋಹಾನ್ ಬೌಶಿಂಗರ್ ಒಬ್ಬರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅವರು ಪರೀಕ್ಷೆಯ ತುಂಡಿಗೆ ಪುಟ್ಟ ಕನ್ನಡಿಗಳನ್ನು ಜೋಡಿಸಿದರು. ತುಂಡು ಹಿಗ್ಗಿದಾಗ ಕನ್ನಡಿ ಒಂದಿಷ್ಟೇ ತಿರುಗುತ್ತದೆ, ಆದರೆ ಅದರಲ್ಲಿ ಪ್ರತಿಫಲಿಸುವ ದೂರದ ಅಳತೆಪಟ್ಟಿ ದೂರದರ್ಶಕದಲ್ಲಿ ಸಾಕಷ್ಟು ಸರಿಯುತ್ತದೆ. ಮೀಟರಿಗೆ ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗನ್ನು ಆ ಕನ್ನಡಿಗಳು ತೋರಿಸುತ್ತಿದ್ದವು! ವಿದ್ಯುತ್ ಉಪಕರಣವಿಲ್ಲದ, ಬರೀ ಕನ್ನಡಿ ಮತ್ತು ಬೆಳಕಿನ ಅಳತೆ ಅದು. 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್, ಇಬ್ಬರೂ ಬೇರೆಬೇರೆಯಾಗಿ, ಮೈಗೆ ಅಂಟಿಸುವ ತಂತಿಯ ಸ್ಟ್ರೇನ್ ಗೇಜನ್ನು ಕಂಡುಹಿಡಿದ ಮೇಲೆ ಜಗತ್ತೆಲ್ಲ ಅದನ್ನೇ ಹಿಡಿಯಿತು. ಅದು ಇಂದಿಗೂ ನಂಬಿಕಸ್ಥ ಸಾಧನವೇ. ಆದರೆ ಅಂಟಿಸಿದ ಜಾಗದ ಸುದ್ದಿಯನ್ನಷ್ಟೇ ಅದು ಹೇಳುತ್ತದೆ. ಬಿರುಕು ಎರಡು ಬೆರಳು ಆಚೆ ಹುಟ್ಟಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಇಡೀ ಮೈಯನ್ನು ಒಂದೇ ನೋಟದಲ್ಲಿ ಅಳೆಯುವುದು ಹೇಗೆ?

ಜಾತ್ರೆಯ ಜನರಾಶಿಯಲ್ಲಿ ಗುರುತು

ದಾವಣಗೆರೆಯ ದುಗ್ಗಮ್ಮನ ಜಾತ್ರೆಯನ್ನು ನೆನೆಯಿರಿ. ಮಹಡಿಯ ಮೇಲಿಂದ ಜನರಾಶಿಯ ಒಂದು ಫೋಟೊ ತೆಗೆದಿರಿ, ಒಂದು ಕ್ಷಣ ಬಿಟ್ಟು ಇನ್ನೊಂದು. ಮೊದಲ ಫೋಟೊದಲ್ಲಿ ಬಿಳಿ ಅಂಗಿಯ ಒಬ್ಬನನ್ನು ಗುರುತಿಟ್ಟುಕೊಂಡು ಎರಡನೆಯದರಲ್ಲಿ ಹುಡುಕಿದರೆ ಸಿಗುವುದಿಲ್ಲ, ಬಿಳಿ ಅಂಗಿಯವರು ನೂರಾರು ಜನ. ಆದರೆ ಕೆಂಪು ರುಮಾಲಿನ ಅಜ್ಜ, ಅವರ ಎಡಕ್ಕೆ ಕೊಡೆ ಹಿಡಿದವಳು, ಹಿಂದೆ ಹಳದಿ ಬಲೂನಿನ ಮಗು, ಪಕ್ಕದಲ್ಲಿ ಇಬ್ಬರು ಪೋಲೀಸರು, ಹೀಗೆ ಒಂದು ಗುಂಪನ್ನೇ ಗುರುತಿಟ್ಟುಕೊಂಡರೆ? ಅಂಥ ಜೋಡಣೆ ಇಡೀ ಜಾತ್ರೆಯಲ್ಲಿ ಇನ್ನೊಂದಿರುವುದಿಲ್ಲ. ಗುಂಪು ಎಷ್ಟು ಸರಿಯಿತು, ಅದರೊಳಗಿನವರು ಎಷ್ಟು ಹತ್ತಿರವಾದರು, ಎಷ್ಟು ದೂರವಾದರು, ಎಲ್ಲವನ್ನೂ ಹೇಳಿಬಿಡಬಹುದು.

ಡಿಜಿಟಲ್ ಇಮೇಜ್ ಕೋರಿಲೇಶನ್, ಪ್ರಯೋಗಾಲಯದವರ ಬಾಯಲ್ಲಿ ಡಿಐಸಿ, ಮಾಡುವುದು ಇದನ್ನೇ! ಲೋಹದ ಮೈಗೆ ಹೊಳಪಿಲ್ಲದ ಬಿಳಿ ಬಣ್ಣದ ತೆಳು ಲೇಪ ಕೊಟ್ಟು ಅದರ ಮೇಲೆ ಕಪ್ಪು ಬಣ್ಣವನ್ನು ಅಡ್ಡಾದಿಡ್ಡಿ ಚಿಮುಕಿಸುತ್ತಾರೆ. ಚುಕ್ಕಿಗಳು ಎಷ್ಟು ಕ್ರಮ ತಪ್ಪಿ ಬಿದ್ದರೆ ಅಷ್ಟು ಒಳ್ಳೆಯದು. ಹೊರೆ ಹೇರುವ ಮೊದಲು ಒಂದು ಚಿತ್ರ, ಹೇರಿದ ಮೇಲೆ ಇನ್ನೊಂದು. ಕಂಪ್ಯೂಟರ್ ಮೊದಲ ಚಿತ್ರವನ್ನು ಇಪ್ಪತ್ತು ಮೂವತ್ತು ಪಿಕ್ಸೆಲ್ ಅಗಲದ ಪುಟ್ಟ ಚೌಕಗಳಾಗಿ ಹಂಚಿಕೊಂಡು, ಪ್ರತಿ ಚೌಕದ ಚುಕ್ಕಿ ಜೋಡಣೆ ಎರಡನೆಯ ಚಿತ್ರದಲ್ಲಿ ಎಲ್ಲಿಗೆ ಹೋಯಿತು, ಎಷ್ಟು ಹಿಗ್ಗಿತು, ಎಷ್ಟು ಓರೆಯಾಯಿತು ಎಂದು ಹುಡುಕುತ್ತದೆ. ಅಕ್ಕಪಕ್ಕದ ಚೌಕಗಳ ಸರಿತದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅದನ್ನು ಅವುಗಳ ನಡುವಿನ ದೂರದಿಂದ ಭಾಗಿಸಿದರೆ ಅದೇ ಸ್ಟ್ರೇನ್. ಸಾವಿರಾರು ಚೌಕ, ಸಾವಿರಾರು ಅಳತೆ, ಅಂಟಿಸಿದ ತಂತಿ ಒಂದೂ ಇಲ್ಲ!

ಇಲ್ಲಿ ಉಸಿರು ಬಿಗಿಹಿಡಿಯುವಂಥ ಲೆಕ್ಕವೊಂದಿದೆ. ಹತ್ತು ಸೆಂಟಿಮೀಟರಿನ ಉಕ್ಕಿನ ತುಂಡು ಚಿತ್ರದಲ್ಲಿ 2,000 ಪಿಕ್ಸೆಲ್ ಉದ್ದ ಬಂದಿದೆ ಅನ್ನಿ. ಒಂದು ಪಿಕ್ಸೆಲ್ ಎಂದರೆ 50 ಮೈಕ್ರಾನ್. ಮೇಲೆ ಹೇಳಿದ ಹೊರೆಗೆ ತುಂಡಿನ ಒಟ್ಟು ಹಿಗ್ಗೂ 50 ಮೈಕ್ರಾನ್. ಎಂದರೆ ಇಡೀ ತುಂಡು ಹಿಗ್ಗಿದ್ದು ಬರೀ ಒಂದು ಪಿಕ್ಸೆಲ್! ಹಾಗಿದ್ದರೆ ಆ ಒಂದು ಪಿಕ್ಸೆಲ್ಲಿನ ಹಿಗ್ಗು ತುಂಡಿನ ಯಾವ ಯಾವ ಭಾಗದಲ್ಲಿ ಹೇಗೆ ಹಂಚಿಹೋಗಿದೆ ಎಂದು ಕ್ಯಾಮೆರಾಕ್ಕೆ ತಿಳಿಯುವುದು ಹೇಗೆ?

ಗುಟ್ಟು ಬೂದು ಬಣ್ಣದಲ್ಲಿದೆ. ಕಪ್ಪು ಚುಕ್ಕಿಯ ಅಂಚು ಒಂದು ಪಿಕ್ಸೆಲ್ಲಿನ ಅರ್ಧವನ್ನು ಮುಚ್ಚಿದ್ದರೆ ಆ ಪಿಕ್ಸೆಲ್ ನಡುಬೂದು. ಚುಕ್ಕಿ ಪಿಕ್ಸೆಲ್ಲಿನ ಒಂದು ಸಣ್ಣ ಪಾಲಿನಷ್ಟು ಸರಿದರೂ ಬೂದು ಸ್ವಲ್ಪ ಗಾಢವಾಗುತ್ತದೆ ಅಥವಾ ತಿಳಿಯಾಗುತ್ತದೆ. ಸಾಧಾರಣ ಚಿತ್ರದಲ್ಲೇ ಬೂದಿನ 256 ಮೆಟ್ಟಿಲುಗಳಿವೆ. ಒಂದು ಚೌಕದೊಳಗಿನ ನೂರಾರು ಪಿಕ್ಸೆಲ್ಲುಗಳ ಬೂದು ಬದಲಾವಣೆಯನ್ನೆಲ್ಲ ಒಟ್ಟಿಗೆ ಹೊಂದಿಸಿ ನೋಡಿದಾಗ ಪಿಕ್ಸೆಲ್ಲಿನ ನೂರರಲ್ಲಿ ಒಂದು ಪಾಲಿನ ಸರಿತವೂ ಸಿಕ್ಕಿಬಿಡುತ್ತದೆ. ನಮ್ಮ ಲೆಕ್ಕದಲ್ಲಿ ಅದು ಅರ್ಧ ಮೈಕ್ರಾನ್. ನೋಡುವ ಬೆಳಕಿನ ತರಂಗದ ಉದ್ದವೇ ಅಷ್ಟು!

1980ರ ದಶಕದ ಆರಂಭದಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪೀಟರ್ಸ್, ರಾನ್ಸನ್, ಸಟನ್ ಮತ್ತು ಸಂಗಡಿಗರು ಈ ವಿದ್ಯೆಯನ್ನು ಕಟ್ಟಿದರು. ಅವರ ಮೊದಲ ಲೇಖನ ಬಂದದ್ದು 1982ರಲ್ಲಿ. ಅಂದಿನ ಕ್ಯಾಮೆರಾ, ಕಂಪ್ಯೂಟರುಗಳಿಗೆ ಹೋಲಿಸಿದರೆ ಇಂದು ನಮ್ಮ ಕಿಸೆಯಲ್ಲಿರುವ ಫೋನೇ ಎಷ್ಟೋ ಮುಂದಿದೆ.

ಓಡುವುದನ್ನು ನಿಲ್ಲಿಸಿ ನೋಡುವ ಬೆಳಕು

ದಣಿವಿನ ಪರೀಕ್ಷೆಯಲ್ಲಿ ಇನ್ನೊಂದು ತೊಡಕು. ಯಂತ್ರ ಸೆಕೆಂಡಿಗೆ ಹತ್ತು, ಇಪ್ಪತ್ತು ಸಲ ಎಳೆದು ಬಿಡುತ್ತಿರುತ್ತದೆ. ಅಷ್ಟು ವೇಗದಲ್ಲಿ ಸಾಧಾರಣ ಕ್ಯಾಮೆರಾ ಹೊರೆ ಏರುವುದನ್ನೂ ಇಳಿಯುವುದನ್ನೂ ಹಂತಹಂತವಾಗಿ ಹಿಡಿಯಲಾರದು. ಇದಕ್ಕೆ ಒಂದು ಜಾಣ ಉಪಾಯವಿದೆ. ಮೊದಲ ಚಿತ್ರವನ್ನು ಹೊರೆಯ ಬುಡದಲ್ಲಿ ತೆಗೆಯುವುದು, ಮುಂದಿನದನ್ನು ಮುಂದಿನ ಸುತ್ತಿನಲ್ಲಿ ಒಂದು ಗುಲಗಂಜಿಯಷ್ಟು ತಡವಾಗಿ, ಅದರ ಮುಂದಿನದನ್ನು ಇನ್ನಷ್ಟು ತಡವಾಗಿ. ಐವತ್ತು ಸುತ್ತುಗಳಿಂದ ಹೆಕ್ಕಿದ ಐವತ್ತು ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ಒಂದೇ ಸುತ್ತಿನ ನಿಧಾನ ಚಲನಚಿತ್ರ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ! ಇಷ್ಟು ವಿವರ ಬೇಡವೆಂದರೆ ಸಾವಿರ ಸಲಕ್ಕೊಮ್ಮೆ ಹೊರೆಯ ತುದಿಯಲ್ಲಿ ಒಂದು ಚಿತ್ರ ಸಾಕು. ಮೈ ಹೇಗೆ ಹಳೆಯದಾಗುತ್ತಾ ಬಂತು ಎಂಬ ದಿನಚರಿ ಸಿದ್ಧ.

ಆ ದಿನಚರಿ ಹೇಳುವ ಕಥೆ ಬೆರಗು ಹುಟ್ಟಿಸುತ್ತದೆ. ಮೊದಮೊದಲು ಬಣ್ಣದ ನಕ್ಷೆಯಲ್ಲಿ ತುಂಡಿನ ಮೈಯೆಲ್ಲ ಒಂದೇ ಬಣ್ಣ, ಹಿಗ್ಗು ಸಮನಾಗಿ ಹಂಚಿದೆ. ಸಾವಿರಾರು ಸಲದ ನಂತರ ಎಲ್ಲೋ ಒಂದೆಡೆ ಸಣ್ಣ ಮಚ್ಚೆ ಕೆಂಪಾಗುತ್ತದೆ. ಆ ಜಾಗ ಅಕ್ಕಪಕ್ಕದವುಗಳಿಗಿಂತ ಹೆಚ್ಚು ಹಿಗ್ಗುತ್ತಿದೆ ಎಂದರ್ಥ. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಕೆಂಪು ಗಾಢವಾಗುತ್ತದೆ, ಸುತ್ತಲಿನ ಜಾಗ ಹೊರೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಆಮೇಲೆ ಅಲ್ಲೇ ಬಿರುಕು!

ಬಿರುಕು ಬಿಟ್ಟ ಮೇಲೂ ಬೆರಗು ಮುಗಿಯುವುದಿಲ್ಲ. ಎಳೆದಾಗ ಬಿರುಕು ಬಾಯ್ತೆರೆಯಬೇಕಲ್ಲವೇ? 1970ರ ಹೊತ್ತಿಗೆ ವುಲ್ಫ್ ಎಲ್ಬರ್ ಎಂಬ ಸಂಶೋಧಕರು ತೋರಿಸಿದ್ದು ಬೇರೆಯದನ್ನು. ಎಳೆತ ಶುರುವಾಗಿದ್ದರೂ ಸ್ವಲ್ಪ ಹೊತ್ತು ಬಿರುಕಿನ ತುಟಿಗಳು ಬಿಗಿದುಕೊಂಡೇ ಇರುತ್ತವೆ. ಬಿರುಕು ನಡೆದು ಬಂದ ದಾರಿಯ ಎರಡೂ ಬದಿಯಲ್ಲಿ ಹಿಂದೆ ಹಿಗ್ಗಿ ಹಾಗೆಯೇ ಉಳಿದ ಲೋಹ ಒತ್ತಿಕೊಂಡಿರುವುದೇ ಇದಕ್ಕೆ ಕಾರಣ. ತುಟಿ ತೆರೆದ ಮೇಲಿನ ಎಳೆತವೇ ಬಿರುಕನ್ನು ಮುಖ್ಯವಾಗಿ ಮುಂದಕ್ಕೆ ನೂಕುವುದು. ಇಂದು ಬಿರುಕಿನ ಆಚೆ ಒಂದು, ಈಚೆ ಒಂದು ಚುಕ್ಕಿಗುಂಪನ್ನು ಹಿಡಿದು ಕ್ಯಾಮೆರಾ ಆ ತುಟಿ ಬಿಚ್ಚುವ ಕ್ಷಣವನ್ನೇ ಅಳೆಯುತ್ತದೆ. ವಿಮಾನದ ರೆಕ್ಕೆ ಇನ್ನೆಷ್ಟು ಹಾರಾಟ ತಾಳುತ್ತದೆ ಎಂಬ ಲೆಕ್ಕಕ್ಕೆ ಈ ಕ್ಷಣ ಬಲು ಮುಖ್ಯ.

ಬೆಳಕಿನದೇ ಚುಕ್ಕಿಗಳು, ಬೆಂಗಳೂರಿನಲ್ಲಿ

ಬಣ್ಣವನ್ನೂ ಚಿಮುಕಿಸಬೇಕಾಗಿಲ್ಲದ ದಾರಿಯೊಂದಿದೆ. ಒರಟು ಮೈಯ ಮೇಲೆ ಲೇಸರ್ ಬೆಳಕು ಬಿದ್ದರೆ ಆ ಮೈ ಸಾವಿರಾರು ಹೊಳೆಯುವ, ಮಿನುಗುವ ಕಣಗಳಿಂದ ತುಂಬಿದಂತೆ ಕಾಣುತ್ತದೆ. ಮೈಯ ಉಬ್ಬುತಗ್ಗುಗಳಿಂದ ಚೆದುರಿದ ತರಂಗಗಳು ಒಂದನ್ನೊಂದು ಕೂಡಿದಲ್ಲಿ ಬೆಳಕು, ಅಳಿಸಿಕೊಂಡಲ್ಲಿ ಕತ್ತಲೆ. ಇದಕ್ಕೆ ಸ್ಪೆಕಲ್ ಎಂದು ಹೆಸರು. ಮೈ ತರಂಗದ ಉದ್ದದ ಒಂದು ಸಣ್ಣ ಪಾಲಿನಷ್ಟು ಅಲುಗಿದರೂ ಈ ಕಣಗಳ ಹೊಳಪು ಬದಲಾಗುತ್ತದೆ. 1970ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಲಫ್‌ಬರೋದಲ್ಲಿ ಬಟರ್ಸ್ ಮತ್ತು ಲೀಂಡರ್ಟ್ಸ್ ಟಿವಿ ಕ್ಯಾಮೆರಾ ಹಿಡಿದು ಇದನ್ನೇ ಅಳತೆಯ ಸಾಧನವಾಗಿಸಿದರು.

ಆದರೆ ಲೇಸರ್ ಹುಟ್ಟುವುದಕ್ಕೂ ಹದಿನೇಳು ವರ್ಷ ಮುಂಚೆ, 1943ರಲ್ಲಿ, ಇದೇ ಕಣಕಣದ ಬೆಳಕಿನ ಲೆಕ್ಕ ಹಾಕಿದ ತರುಣರೊಬ್ಬರು ನಮ್ಮ ಬೆಂಗಳೂರಿನಲ್ಲಿದ್ದರು! ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್. ಸೂಕ್ಷ್ಮ ಕಣಗಳು ಬೆಳಕನ್ನು ಚೆದುರಿಸಿದಾಗ ಮೂಡುವ ಪ್ರಭಾವಲಯ ನುಣ್ಣಗಿರದೆ ಹರಳುಹರಳಾಗಿ ಏಕೆ ಕಾಣುತ್ತದೆ, ಆ ಹೊಳಪು ಜಾಗದಿಂದ ಜಾಗಕ್ಕೆ ಎಷ್ಟು ಏರುಪೇರಾಗುತ್ತದೆ ಎಂಬುದನ್ನು ಅವರು ಅಭ್ಯಾಸ ಮಾಡಿ ಪ್ರಕಟಿಸಿದರು. ಪ್ರೋಟೀನುಗಳ ರಚನೆಯ ರಾಮಚಂದ್ರನ್ ನಕ್ಷೆಯಿಂದ ಮುಂದೆ ಜಗತ್ಪ್ರಸಿದ್ಧರಾದವರು ಇವರೇ. ಇಂದಿಗೂ ಸ್ಪೆಕಲ್ ಇತಿಹಾಸ ಬರೆಯುವ ವಿದ್ವಾಂಸರು ಅವರ 1943ರ ಆ ಲೇಖನವನ್ನು ನೆನೆಯುತ್ತಾರೆ. ದಣಿದ ಲೋಹದ ಮೈಯನ್ನು ಬೆಳಕಿನಿಂದ ಓದುವ ವಿದ್ಯೆಯ ಒಂದು ಬೇರು ಕನ್ನಡ ನೆಲದಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಚರಕಿಯ ಊರು, ಸೇತುವೆಯ ಊರು

ಈಗ ಹರಿಹರಕ್ಕೆ ಮರಳೋಣ, ಏಕೆಂದರೆ ಈ ವಿದ್ಯೆಗೆ ಹರಿಹರ ದಾವಣಗೆರೆಗಳಷ್ಟು ಹೊಂದುವ ನೆಲ ಕಡಿಮೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇಗುಲದಲ್ಲಿ ಚರಕಿಗೆ, ಎಂದರೆ ಲೇತಿಗೆ, ಕೊಟ್ಟು ಕಡೆದಂಥ ನುಣುಪು ಕಂಬಗಳಿವೆ. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಲೆಯೆತ್ತಿತು. ಅಲ್ಲಿ ತಯಾರಾದ ಲೇತುಗಳು ದೇಶದ ಕಾರ್ಖಾನೆಗಳಿಗೂ ಕಾಲೇಜು ವರ್ಕ್‌ಶಾಪುಗಳಿಗೂ ಹೋದವು. ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿದ್ದರೂ ಆ ಲೇತುಗಳ ಹೆಸರು ಹೇಳಿದರೆ ಹಳೆಯ ಟರ್ನರುಗಳ ಮುಖ ಅರಳುತ್ತದೆ. ವೋಲರ್ ಆಕ್ಸಲ್ಲುಗಳನ್ನು ತಿರುಗಿಸಿ ಪರೀಕ್ಷಿಸಿದ ಯಂತ್ರದ ತತ್ವವೂ ಲೇತಿನದೇ: ಹಿಡಿದು ತಿರುಗಿಸು, ಭಾರ ಹೇರು, ಸುತ್ತು ಎಣಿಸು. ನಿಮಿಷಕ್ಕೆ 1,440 ಸುತ್ತಿನ ಮೋಟಾರು ಹನ್ನೆರಡು ಗಂಟೆ ತುಂಬುವ ಮೊದಲೇ ಶಾಫ್ಟಿಗೆ ಹತ್ತು ಲಕ್ಷ ಸುತ್ತು ಮಾಡಿಸುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಹತ್ತಿಗಿರಣಿಗಳ ಕದಿರುಗಳು ಎಷ್ಟು ಕೋಟಿ ಸುತ್ತು ತಿರುಗಿರಬೇಡ!

ಮತ್ತೆ ತುಂಗಭದ್ರೆಯ ಮೇಲಿನ ಹಳೆಯ ಸೇತುವೆ. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಕಲ್ಲು ಇಟ್ಟಿಗೆಗಳಲ್ಲಿ ಕಟ್ಟಿ 1868ರಲ್ಲಿ ಮುಗಿಸಿದ್ದು. ತಲಾ 60 ಅಡಿಯ 14 ಕಮಾನುಗಳು. ಎತ್ತಿನ ಗಾಡಿಯ ಕಾಲಕ್ಕೆ ಕಟ್ಟಿದ ಆ ಕಮಾನುಗಳು ಬಸ್ಸು ಲಾರಿಗಳ ಕಾಲವನ್ನೂ ಕಂಡವು. ಕಲ್ಲಿನ ಕಮಾನೂ ಭಾರಕ್ಕೆ ಅಲುಗುತ್ತದೆ, ಮಿಲಿಮೀಟರಿನ ಸಣ್ಣ ಪಾಲಿನಷ್ಟು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಇಂಥದೇ ಹಳೆಯ ಇಟ್ಟಿಗೆ ಕಮಾನಿನ ರೈಲು ಸೇತುವೆಯ ಕೆಳಗೆ ಕೇಂಬ್ರಿಜ್‌ನ ಸಂಶೋಧಕರು ಕ್ಯಾಮೆರಾ ಇಟ್ಟು, ರೈಲು ಹಾದಾಗ ಕಮಾನಿನ ಯಾವ ಭಾಗ ಎಷ್ಟು ಅಲುಗುತ್ತದೆ, ಹಳೆಯ ಬಿರುಕು ಎಷ್ಟು ತೆರೆದು ಮುಚ್ಚುತ್ತದೆ ಎಂದು ಅಳೆದಿದ್ದಾರೆ. ಒರಟು ಕಲ್ಲಿಗೆ ಬಣ್ಣ ಹಚ್ಚಲೇಬೇಕೆಂದೂ ಇಲ್ಲ. ಅದರ ಸ್ವಂತ ಕಲೆ, ಗೆರೆ, ಕಣಗಳು ಸ್ಪಷ್ಟವಾಗಿದ್ದರೆ ಅವೇ ಚುಕ್ಕಿಗಳು!

ಫೋನು, ಟ್ಯೂಬು, ಬಿಳಿ ಬಣ್ಣ

ಇಷ್ಟು ದೊಡ್ಡ ವಿದ್ಯೆ ದುಬಾರಿ ಪ್ರಯೋಗಾಲಯಕ್ಕಷ್ಟೇ ಮೀಸಲೇ? ಖಂಡಿತ ಅಲ್ಲ. ಹಳೆಯ ರಬ್ಬರ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿಕೊಳ್ಳಿ. ನಡುವೆ ಸಣ್ಣ ದುಂಡು ತೂತು ಮಾಡಿ. ಬಿಳಿ ಬಣ್ಣದ ಸಣ್ಣ ಚುಕ್ಕಿಗಳನ್ನು ಮೈತುಂಬ ಅಡ್ಡಾದಿಡ್ಡಿ ಚಿಮುಕಿಸಿ. ಪ್ರತಿ ಚುಕ್ಕಿ ಚಿತ್ರದಲ್ಲಿ ಮೂರರಿಂದ ಐದು ಪಿಕ್ಸೆಲ್ ಅಗಲ ಬಂದರೆ ಅತ್ಯುತ್ತಮ. ಪಟ್ಟಿಯನ್ನು ಮೇಲಿನಿಂದ ತೂಗುಬಿಟ್ಟು ಕೆಳಗೆ ಸ್ವಲ್ಪಸ್ವಲ್ಪವೇ ತೂಕ ಸೇರಿಸುತ್ತಾ ಪ್ರತಿ ಸಲ ಫೋಟೊ ತೆಗೆಯಿರಿ. ಉಚಿತವಾಗಿ ಸಿಗುವ ಎನ್‌ಕಾರ್ ಎಂಬ ತಂತ್ರಾಂಶ ಮ್ಯಾಟ್‌ಲ್ಯಾಬ್‌ನಲ್ಲಿ ಓಡುತ್ತದೆ, ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಡೈಸ್ ಎಂಬುದೂ ಉಚಿತ. ಚಿತ್ರಗಳನ್ನು ಕೊಟ್ಟರೆ ಸಾಕು, ತೂತಿನ ಎರಡು ಪಕ್ಕಗಳಲ್ಲಿ ಕೆಂಪು ಉರಿಯುತ್ತದೆ! ಅಗಲವಾದ ಹಾಳೆಯಲ್ಲಿ ದುಂಡು ತೂತಿನ ಅಂಚಿಗೆ ಮೂರು ಪಟ್ಟು ಹೊರೆ ಬೀಳುತ್ತದೆ ಎಂದು 1898ರಲ್ಲಿ ಜರ್ಮನಿಯ ಕಿರ್ಶ್ ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಕಾಮೆಟ್ ವಿಮಾನವನ್ನು ಸೀಳಿದ ಕಿಟಕಿಯ ಮೂಲೆಯಲ್ಲಿ ನಡೆದದ್ದೂ ಇದೇ ಜಾತಿಯ ಸಂಗತಿ. ಪಠ್ಯಪುಸ್ತಕದ ಆ ಸೂತ್ರ ನಿಮ್ಮ ಟ್ಯೂಬಿನ ತುಂಡಿನ ಮೇಲೆ ಕಣ್ಣಾರೆ ಕಾಣುತ್ತದೆ. ಅದೇ ಪಟ್ಟಿಯನ್ನು ಮತ್ತೆ ಮತ್ತೆ ಎಳೆದು ನೋಡಿ. ಮೊದಲ ಕೆಲವು ಎಳೆತಗಳಲ್ಲೇ ರಬ್ಬರ್ ಮೆತ್ತಗಾಗಿ, ಅಷ್ಟೇ ತೂಕಕ್ಕೆ ಹೆಚ್ಚು ಹಿಗ್ಗತೊಡಗುತ್ತದೆ.

ಉಕ್ಕಿಗೆ ಕೈಹಾಕುವಾಗ ಶಿಸ್ತು ಬೇಕು. ಅರ್ಧ ಮೀಟರ್ ದೂರದಿಂದ ಫೋಟೊ ತೆಗೆಯುತ್ತಿದ್ದೀರಿ, ತುಂಡು ಕ್ಯಾಮೆರಾದ ಕಡೆಗೆ ಒಂದೇ ಒಂದು ಮಿಲಿಮೀಟರ್ ಸರಿಯಿತು ಅನ್ನಿ. ಚಿತ್ರ ಐನೂರರಲ್ಲಿ ಒಂದು ಪಾಲು ದೊಡ್ಡದಾಗುತ್ತದೆ. ಅದು ಹತ್ತು ಲಕ್ಷದಲ್ಲಿ 2,000 ಪಾಲಿನ ಸುಳ್ಳು ಸ್ಟ್ರೇನ್, ನಾವು ಅಳೆಯಲು ಹೊರಟ ನಿಜದ ನಾಲ್ಕು ಪಟ್ಟು! ಆದ್ದರಿಂದಲೇ ದೊಡ್ಡ ಪ್ರಯೋಗಾಲಯಗಳು ಎರಡು ಕ್ಯಾಮೆರಾಗಳನ್ನು ಎರಡು ಕೋನಗಳಲ್ಲಿಟ್ಟು ಆಳವನ್ನೂ ಅಳೆಯುತ್ತವೆ. ಫೋನನ್ನು ಗಟ್ಟಿಯಾಗಿ ಕಟ್ಟಿ, ಫೋಕಸ್ ಲಾಕ್ ಮಾಡಿ, ಬೆಳಕು ಬದಲಾಗದಂತೆ ನೋಡಿಕೊಂಡು, ಮೈಗೆ ನೇರವಾಗಿ ಹಿಡಿಯುವುದು ಮೊದಲ ಪಾಠ. ಹೊರೆಯೇ ಇಲ್ಲದೆ ಎರಡು ಚಿತ್ರ ತೆಗೆದು ಹೋಲಿಸುವುದು ಎರಡನೆಯ ಪಾಠ. ಆಗ ಕಾಣುವ ಹಿಗ್ಗೆಲ್ಲ ಹುಸಿ. ಅದಕ್ಕಿಂತ ಸಣ್ಣದನ್ನು ನಿಮ್ಮ ಏರ್ಪಾಡು ಅಳೆಯಲಾರದು. ಸುದೀರ್ಘ ಪರೀಕ್ಷೆಯಲ್ಲಿ ಲೋಹಕ್ಕಿಂತ ಮೊದಲು ಬಣ್ಣವೇ ಬಿರಿಯದಂತೆ ಲೇಪ ತೆಳುವಾಗಿರಬೇಕು.

ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ ಕಾಲೇಜಿದೆ, 1979ರಿಂದ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿದೆ, ಆಮೇಲೆ ಬಂದವೂ ಇವೆ. ಎಳೆದು ಮುರಿಯುವ ಯಂತ್ರ ಇಂಜಿನಿಯರಿಂಗ್ ಪ್ರಯೋಗಾಲಯಕ್ಕೆ ಹೊಸದಲ್ಲ. ಲಾರಿಯ ಮುರಿದ ಲೀಫ್ ಪ್ಲೇಟು, ಟ್ರ್ಯಾಕ್ಟರಿನ ಬಿರಿದ ಆಕ್ಸಲ್, ಪಂಪ್‌ಸೆಟ್ಟಿನ ಶಾಫ್ಟ್, ಮೆಕ್ಕೆಜೋಳದ ಕಾಳು ಬಿಡಿಸುವ ಯಂತ್ರದ ಚೌಕಟ್ಟು, ಇವೆಲ್ಲ ಈ ಜಿಲ್ಲೆಯ ಗ್ಯಾರೇಜುಗಳಿಗೆ ದಿನವೂ ಬರುವ ಸಾಮಾನು. ಏರ್ ಕ್ರ್ಯಾಕ್ (ಕೂದಲೆಳೆಯಂಥ ಬಿರುಕು) ಇದೆ ಎಂದು ಬೆರಳಾಡಿಸಿ ಹೇಳುವ ಅನುಭವಿ ಮೆಕ್ಯಾನಿಕ್ಕುಗಳು ಇಲ್ಲಿದ್ದಾರೆ. ಅವರ ಅನುಭವ ಮತ್ತು ವಿದ್ಯಾರ್ಥಿಗಳ ಕ್ಯಾಮೆರಾ ಒಂದೆಡೆ ಸೇರಿದರೆ ಯಾವ ಭಾಗ ಎಲ್ಲಿ ದಣಿಯುತ್ತದೆ, ಎಲ್ಲಿ ಮೂಲೆಯನ್ನು ದುಂಡಾಗಿಸಿದರೆ ಆಯಸ್ಸು ಹೆಚ್ಚುತ್ತದೆ ಎಂಬುದು ನಮ್ಮದೇ ಊರಿನ ಜ್ಞಾನವಾಗುತ್ತದೆ.

ಮೆಕ್ಯಾನಿಕಲ್, ಸಿವಿಲ್ ಓದುತ್ತಿರುವ ಗೆಳೆಯರೇ, ಗೆಳತಿಯರೇ, ಈ ವರ್ಷದ ಪ್ರಾಜೆಕ್ಟಿಗೆ ಸಿದ್ಧ ವರದಿಯನ್ನು ಹುಡುಕಬೇಡಿ. ಹತ್ತಿರದ ಗ್ಯಾರೇಜಿಗೆ ಹೋಗಿ ದಣಿದು ಮುರಿದ ಒಂದು ಭಾಗವನ್ನು ಕೇಳಿ ತನ್ನಿ, ಅದರಂಥದೇ ಹೊಸದೊಂದಕ್ಕೆ ಚುಕ್ಕಿ ಚಿಮುಕಿಸಿ, ಹೊರೆ ಹೇರಿ, ನೋಡಿ. ಪ್ರಾಧ್ಯಾಪಕರೇ, ಅವರಿಗೆ ಪ್ರಯೋಗಾಲಯದ ಬಾಗಿಲು ಸಂಜೆಯೂ ತೆರೆದಿಡಿ. ಅವರು ಕಂಡದ್ದನ್ನು ಕನ್ನಡದಲ್ಲೇ ಬರೆದು ಆ ಗ್ಯಾರೇಜಿನವರಿಗೂ ಕೊಡಲಿ.